ಮಾಲೀಕರು ನೀರು ಹಾಕಿದ ಬೆಂಚು

ಸಿಮೆಂಟಿನ ಬೆಂಚು ಮಾಡೋದರಲ್ಲಿ ನನ್ನನ್ನ ಮೀರಿಸೋನು ತಿಪಟೂರಲ್ಲಿ ಇನ್ನೂ ಹುಟ್ಟಿಲ್ಲ. ನನ್ನವಳಿಗೆ ಮಂಡಿನೋವು, ನೆಲದ ಮೇಲೆ ಕೂರೋಕೆ ಆಗ್ತಿರಲಿಲ್ಲ. ಕೆಲಸದಲ್ಲಿ ಮಿಕ್ಕ ಸಿಮೆಂಟು, ಮುರಿದ ಕಿಟಕಿಯ ಸರಳು, ಅಚ್ಚಿಗೆ ಹಳೇ ಬಾಗಿಲ ಹಲಗೆ. ಇಷ್ಟರಲ್ಲೇ ಬಾಡಿಗೆಮನೆ ಅಂಗಳದಲ್ಲಿ ಬೆಂಚು ಹೊಯ್ದೆ. ಆನೆ ಕೂತರೂ ಅಲುಗಬಾರದು, ಅಂಥದ್ದು!

ಮಾರನೇ ದಿನವೇ ಮನೆ ಮಾಲೀಕ ಚನ್ನವೀರಪ್ಪನೋರು ಬಂದರು.

"ಏನಯ್ಯಾ, ಬರೋ ತಿಂಗಳು ಮನೆ ಖಾಲಿ ಮಾಡು. ಬೆಂಚು ಮಾತ್ರ ಮುಟ್ಟಬೇಡ. ನನ್ನ ನೆಲಕ್ಕೆ ಅಂಟಿದ್ದೆಲ್ಲ ನಂದು."

"ಅಂಟದೇ ಇದ್ದದ್ದು, ಯಜಮಾನ್ರೇ?"

"ಅದನ್ನ ಹೊತ್ಕೊಂಡು ಹೋಗು, ನಂಗ್ಯಾಕೆ!" ಇಡೀ ವಠಾರ ಕೇಳಿಸಿಕೊಂಡಿತು.

"ಹಾಗಾದ್ರೆ ನಿಮ್ಮ ಬೆಂಚಿಗೆ ನೀವೇ ನೀರು ಹಾಕಿ. ಇಪ್ಪತ್ತೊಂದು ದಿನ, ಎರಡು ಹೊತ್ತು. ತಪ್ಪಿದ್ರೆ ಬಿರುಕು ಬಿಡುತ್ತೆ."

ಪುಕ್ಕಟೆ ಬೆಂಚಿನ ಆಸೆ ನೋಡಿ! ಪಂಚೆ ಎತ್ತಿಕಟ್ಟಿ, ಬಾವಿಯಿಂದ ಸೇದಿ ಸೇದಿ ಹೊಯ್ದರು. ನಾನು ಜಗಲಿ ಮೇಲೆ ಎಲೆಅಡಿಕೆ ಮೆಲ್ಲುತ್ತಾ ಕೂತಿದ್ದೆ.

"ಸಾಕೇನಯ್ಯಾ?"

"ಇನ್ನೊಂದು ಬಿಂದಿಗೆ ಹಾಕ್ಬಿಡಿ, ಯಜಮಾನ್ರೇ."

ಇಪ್ಪತ್ತೆರಡನೇ ದಿನ ಕೈಗಾಡಿ ತಂದೆ. ಹಾರೆ ಕೊಟ್ಟು ಒಬ್ಬನೇ ಮೀಟಿದೆ. ಬಾಳೆಲೆಯಿಂದ ಕಡುಬು ಬಿಟ್ಟ ಹಾಗೆ ಬೆಂಚು ಎದ್ದು ಬಂತು! ಹೊಯ್ಯೋ ಮೊದಲೇ ನೆಲದ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ ಎಣ್ಣೆ ಸವರಿದ್ದೆ. ಕಸುಬು ಗೊತ್ತಿದ್ದೋರು ಯಾರಾದರೂ ಹಾಗೇ ಮಾಡೋದು.

ಚನ್ನವೀರಪ್ಪನೋರು ಸೊಂಟ ಹಿಡಿದುಕೊಂಡು ಕೂಗಿದರು: "ಅಯ್ಯೋ, ನಾನು ಸೇದಿದ ನೀರು!"

"ಅದೆಲ್ಲ ನಿಮ್ಮ ನೆಲಕ್ಕೇ ಇಳಿದಿದೆ. ಒಂದು ಹನಿಯೂ ಒಯ್ಯಲ್ಲ," ಅಂದೆ.

ವಠಾರವೆಲ್ಲ ಘೊಳ್ಳೆಂದಿತು. ನನ್ನವಳು ಗಾಡಿ ಮೇಲಿದ್ದ ಬೆಂಚಿನಲ್ಲೇ ಕಾಲು ಇಳಿಬಿಟ್ಟು ಕೂತು, ಮಹಾರಾಣಿ ಹಾಗೆ ಹೊಸ ಮನೆಗೆ ಬಂದಳು.