ಗಾಳೆವ್ವನ ಸಾಕ್ಷಿ

ನಮ್ಮೂರಿನ ಪಡುವಣಕ್ಕೆ, ಜೋಳದ ಹೊಲಗಳ ನಡುವೆ, ಗೌಡರ ಕೋಟೆಮನೆಯಾಗಿದ್ದ ಹಳೆಯ ವಾಡೆಯೊಂದರ ದಿಬ್ಬವಿದೆ. ಗೋಡೆಗಳು ಕುಸಿದು ಮಣ್ಣಾಗಿವೆ; ಒಳ್ಳೆಯ ಕಲ್ಲುಗಳೆಲ್ಲ ಊರವರ ಮನೆಗಳಿಗೆ ಮೆಟ್ಟಿಲಾಗಿ ಹೋಗಿವೆ, ನನ್ನ ಮನೆಯೂ ಅದಕ್ಕೆ ಹೊರತಲ್ಲ. ದಿಬ್ಬದ ನಾಲ್ಕೂ ಕಡೆ ಒಂದು ತಗ್ಗು ಸುತ್ತಿಕೊಂಡಿದೆ. ಅದು ಒಂದು ಕಾಲಕ್ಕೆ ನೀರು ತುಂಬಿದ ಕಂದಕವಾಗಿತ್ತು ಎಂದರೆ ಅದರಲ್ಲಿ ಕ್ರಿಕೆಟ್ ಆಡುವ ಹುಡುಗರು ನಗುತ್ತಾರೆ. ಮೂಡಣ ಬದಿಯ ತಗ್ಗಿನ ನಟ್ಟನಡುವೆ, ಯಾವ ದಡಕ್ಕೂ ತಗಲದೆ, ಸುತ್ತ ಕಲ್ಲು ಕಟ್ಟಿದ ಚೌಕನೆಯ ಕಂಬವೊಂದು ನಿಂತಿದೆ. ಅದರ ಮೇಲೆ ದೇವರೂ ಇಲ್ಲ, ಬರಹವೂ ಇಲ್ಲ. ನೋಡಲು ಬಂದವರಲ್ಲಿ ಕೆಲವರು ಸೇತುವೆಯ ಕಾಲು ಎನ್ನುತ್ತಾರೆ, ಕೆಲವರು ತುಳಸಿಕಟ್ಟೆ ಎನ್ನುತ್ತಾರೆ. ಒಬ್ಬ ಮಹಾಶಯ ಗಲ್ಲುಗಂಬ ಎಂದು ಪತ್ರಿಕೆಗೇ ಬರೆದುಬಿಟ್ಟ. ಊರಿನವರನ್ನು ಕೇಳುವ ತಾಳ್ಮೆ ಅವನಿಗಿರಲಿಲ್ಲ. ಊರಿನವರು ಅದನ್ನು ಗಾಳೆವ್ವನ ಸಾಕ್ಷಿ ಎನ್ನುತ್ತಾರೆ. ಆ ಹೆಸರು ಬಂದ ಬಗೆಯನ್ನು ನಾನು ನನ್ನ ಸೋದರತ್ತೆಯ ಬಾಯಿಂದ ಕೇಳಿದ್ದೇನೆ.

ಹಿಂದೆ ಒಮ್ಮೆ, ವಿಜಯನಗರದ ಅರಸರ ಕಾಲದಲ್ಲಿ, ಈ ಸೀಮೆಯ ನಾಡಗೌಡಿಕೆ ಹಾಲಪ್ಪಗೌಡನ ಕೈಯಲ್ಲಿತ್ತಂತೆ. ವಾಡೆ ಕಟ್ಟಿಸಿದ ಮೇಲೆ ಅವನಿಗೆ ಸುತ್ತ ಕಂದಕವೂ ಬೇಕೆನಿಸಿತು. ಹಿಂದೆ ವಾಡೆಯ ಅಡಿಪಾಯ ಅಗೆಯಲು ಬಂದಿದ್ದ ಮಣ್ಣುಕೆಲಸದ ತಂಡ ಅರ್ಧಕ್ಕೇ ಬಿಟ್ಟು ಓಡಿಹೋಗಿದ್ದರಿಂದ, ಎರಡನೆಯ ತಂಡದ ಹಿರಿಯ ಹುಲುಗನನ್ನು ಗೌಡ ಒಂದು ಒತ್ತೆ ಕೇಳಿದ. ಹುಲುಗನ ಬಳಿ ಗುದ್ದಲಿ, ಬುಟ್ಟಿ, ಹೆಂಡತಿ ಮತ್ತು ಎಂಟು ವರ್ಷದ ಮಗಳು ಗಾಳೆವ್ವ, ಇಷ್ಟೇ ಇದ್ದದ್ದು. ಒಂಬತ್ತು ಮೊಳ ಆಳದ ಕಂದಕ ಮುಗಿದು ಅಳತೆಯಾಗುವ ತನಕ ಮಗಳು ವಾಡೆಯಲ್ಲಿ ಕರುಗಳನ್ನು ನೋಡಿಕೊಂಡಿರಲಿ ಎಂದು ಮಾತಾಯಿತು. ಮಣ್ಣುಕೆಲಸದವರಲ್ಲಿ ಆಗ ಒಂದು ಪದ್ಧತಿಯಿತ್ತು. ಅಗೆಯುವಾಗ ನಡುವೆ ಒಂದು ಕಂಬದಷ್ಟು ನೆಲವನ್ನು ಮುಟ್ಟದೆ, ಮೇಲಿನ ಹುಲ್ಲಿನ ಸಮೇತ ಉಳಿಸುತ್ತಿದ್ದರು. ಅಗೆಯುವ ಮುಂಚೆ ನೆಲ ಎಲ್ಲಿತ್ತು, ಈಗ ಎಷ್ಟು ಇಳಿದಿದೆ ಎಂಬುದನ್ನು ಅದು ತೋರಿಸುತ್ತಿತ್ತು. ಅದಕ್ಕೇ ಅದನ್ನು ಸಾಕ್ಷಿ ಎಂದು ಕರೆಯುತ್ತಿದ್ದರು. ಧಣಿ ಮೊಳದ ಗುರುತಿದ್ದ ತನ್ನ ಗಳೆ ಹಿಡಿದು ಅದನ್ನು ಅಳೆದು ಒಪ್ಪಿದ ಮೇಲೆಯೇ ಸಾಕ್ಷಿಯನ್ನು ಕಡಿಯಬೇಕು. ಕಡಿದ ಮೇಲೆಯೇ ತಂಡ ಎದ್ದು ಹೋಗಬೇಕು. ಅಳತೆಗೆ ಮುಂಚೆ ಸಾಕ್ಷಿಗೆ ಗುದ್ದಲಿ ತಾಗಿಸಿದವನನ್ನು ಅವನ ಕುಲದವರೇ ಪಂಕ್ತಿಯಿಂದ ಎಬ್ಬಿಸುತ್ತಿದ್ದರು.

ಕೆಲಸದ ಮೊದಲ ವಾರ ಗಾಳೆವ್ವ ತಗ್ಗಿಗೆ ಒಂದೇ ಜಿಗಿತಕ್ಕೆ ಇಳಿದು, ಓಡಿ ದಾಟಿ ಅಪ್ಪನಿಗೆ ಮಜ್ಜಿಗೆ ತರುತ್ತಿದ್ದಳಂತೆ. ಎರಡನೆಯ ವಾರ ಅವಳನ್ನು ಕೈಹಿಡಿದು ಇಳಿಸಿ ಹತ್ತಿಸಬೇಕಾಯಿತು. ಆಮೇಲೆ ಏಣಿ ಬೇಕಾಯಿತು. ಕೊನೆಗೆ ಬಾಗಿಲೆದುರಿನ ಮರದ ಹಲಗೆಯೊಂದೇ ದಾರಿಯಾಗಿ ಉಳಿಯಿತು, ಅದರ ಮೇಲೆ ಕಾವಲು ಕೂತಿತು. ಅಪ್ಪ ಮಗಳ ನಡುವಿನ ಆ ಆಳವನ್ನು ಹುಲುಗ ತನ್ನ ಕೈಯಾರೆ ದಿನದಿನವೂ ತೋಡಿದ. ಬೇಗ ಮುಗಿಸಿದಷ್ಟೂ ಬೇಗ ಮಗಳು ಬರುತ್ತಾಳೆಂದು ಉಳಿದವರಿಗಿಂತ ಎರಡು ಬುಟ್ಟಿ ಹೆಚ್ಚೇ ಹೊತ್ತ.

ಒಂಬತ್ತು ಮೊಳ ತುಂಬುವ ಹೊತ್ತಿಗೆ ಹಾಲಪ್ಪಗೌಡ ಅರಸರ ಕರೆಯ ಮೇರೆಗೆ ಕುದುರೆ ಹತ್ತಿ ದಂಡಿಗೆ ಹೋಗಿದ್ದ. ಬಂದು ಅಳೆಯುತ್ತೇನೆ ಎಂದಿದ್ದನಂತೆ. ಹುಲುಗ ವಾಡೆಯ ಪಾರುಪತ್ಯಗಾರನ ಕಾಲು ಹಿಡಿದ. ಆತ ಕೆಟ್ಟವನೇನಲ್ಲ. "ಗಳೆ ಗೌಡ್ರ ಕೋಣ್ಯಾಗ ಐತಿ, ಅದನ್ನ ಮುಟ್ಟೂ ಹಕ್ಕು ನನಗಿಲ್ಲೋ ತಮ್ಮಾ. ನಿನ್ನ ಮಗಳಿಗೆ ಊಟಕ್ಕ ಕಮ್ಮಿ ಮಾಡಂಗಿಲ್ಲ, ಅಷ್ಟು ನನ್ನ ಕೈಯಾಗ ಐತಿ" ಎಂದ. ಅಷ್ಟರಲ್ಲಿ ಮುಂಗಾರು ಬಂತು, ತಳದ ಸೆಲೆಗಳೂ ಒಡೆದವು. ನೀರು ನಿಂತರೆ ಮಣ್ಣಿನ ಸಾಕ್ಷಿ ಕರಗುತ್ತದೆ. ಸಾಕ್ಷಿ ಕರಗಿದರೆ ಅಳೆಯುವುದೇನನ್ನು? ತಂಡದವರೆಲ್ಲ ಸೇರಿ ಸೊಂಟಮಟ್ಟದ ನೀರಿನಲ್ಲಿ ನಿಂತು ಅದರ ಸುತ್ತ ಕಲ್ಲು ಕಟ್ಟಿ, ನೆತ್ತಿಗೆ ಚಪ್ಪಡಿ ಹೊದಿಸಿದರು.

ಅದೇ ಮಳೆಯಲ್ಲಿ ಒಂದು ಮಧ್ಯಾಹ್ನ ಕಾವಲಿನವನು ಉಣ್ಣಲು ಒಳಗೆ ಹೋಗಿದ್ದಾಗ, ಗಾಳೆವ್ವ ಹಲಗೆಯ ಅರ್ಧದವರೆಗೆ ನಡೆದು ಬಂದಳಂತೆ. ಆಚೆ ದಡದಲ್ಲಿ ಹುಲುಗ ಇದ್ದ. ಇನ್ನು ಹತ್ತು ಹೆಜ್ಜೆ. "ಅಪ್ಪಾ, ಬರ್ಲೇನು?" ಎಂದಳು. ಹುಲುಗ ಕೈ ಅಡ್ಡ ಮಾಡಿದ. "ಬ್ಯಾಡವ್ವ, ಒಳಗ ಹೋಗು. ಅಳತಿ ಆಗ್ಲಿ, ನಾನೇ ಬಂದು ಎಲ್ಲಾರ ಮುಂದ ಕರ್ಕೊಂಡು ಹೋಗ್ತೀನಿ." ಹುಡುಗಿ ತಿರುಗಿ ಒಳಗೆ ಹೋದಳು. ಎಂಥ ಪೆದ್ದ ಎಂದು ನಾವು ಈಗ ಕೂತು ಬೈಯಬಹುದು, ನಾನೂ ಬಹಳ ಸಲ ಬೈದಿದ್ದೇನೆ. ಆದರೆ ಕೊಟ್ಟ ಮಾತೊಂದನ್ನು ಬಿಟ್ಟರೆ ಅವನ ಬಳಿ ಬೇರೆ ಆಸ್ತಿಯಿರಲಿಲ್ಲ, ಅದನ್ನು ಕಳೆದುಕೊಂಡವನಿಗೆ ಮುಂದೆ ಯಾವ ಊರಿನಲ್ಲೂ ಕೆಲಸ ಸಿಗುತ್ತಿರಲಿಲ್ಲ.

ಹಾಲಪ್ಪಗೌಡ ದಂಡಿನಿಂದ ಮರಳಲೇ ಇಲ್ಲ. ಸೋದರಮಾವನ ಊರಿನಲ್ಲಿ ಬೆಳೆಯುತ್ತಿದ್ದ ಅವನ ಮಗ ಚಿಕ್ಕಗೌಡ ವಾಡೆಗೆ ಬಂದದ್ದು ಹನ್ನೆರಡು ವರ್ಷದ ಮೇಲೆ. ತಂಡ ಚದುರಿತ್ತು, ಹುಲುಗನ ಹೆಂಡತಿ ತೀರಿಕೊಂಡಿದ್ದಳು. ಹುಲುಗ ಮತ್ತು ಅವನ ತಮ್ಮ ಮಾತ್ರ ದಡದಲ್ಲಿ ಗುಡಿಸಲು ಹಾಕಿಕೊಂಡಿದ್ದರು. ಚಿಕ್ಕಗೌಡ ಒಳ್ಳೆಯ ಮನಸ್ಸಿನಿಂದಲೇ ತಂದೆಯ ಗಳೆಯನ್ನು ತರಿಸಿ, ತೆಪ್ಪದಲ್ಲಿ ಕೂತು, ಸಾಕ್ಷಿಯ ಪಕ್ಕದಲ್ಲಿ ನೀರಿಗೆ ಇಳಿಬಿಟ್ಟ. ದಡದಲ್ಲಿ ಊರೇ ನೆರೆದಿತ್ತು. ವಾಡೆಯ ಬಾಗಿಲಲ್ಲಿ ಇಪ್ಪತ್ತು ವರ್ಷದ ಗಾಳೆವ್ವ ನಿಂತಿದ್ದಳು. ಗಳೆ ಏಳು ಮೊಳಕ್ಕೆ ನಿಂತಿತು.

"ಅದು ಹೂಳ್ರೀ ಎಪ್ಪಾ!" ಎಂದು ಹುಲುಗ ಕೂಗಿದ. "ಹನ್ನೆರಡು ಮಳಿಗಾಲದ ಹೂಳು! ಅದರ ಕೆಳಗ ಇನ್ನ ಎರಡು ಮೊಳ ಐತ್ರಿ!"

"ಗಳೆ ಎಲ್ಲಿ ನಿಲ್ತೈತೋ ಅದೇ ತಳ" ಎಂದ ಚಿಕ್ಕಗೌಡ. ಅವನಿಗೂ ಬೇಸರವಾಯಿತಂತೆ. ಆದರೆ ಇಷ್ಟು ಜನರ ಎದುರು ತಂದೆಯ ಗಳೆಯನ್ನು ಸುಳ್ಳುಮಾಡಲು ಅವನಿಗೆ ಧೈರ್ಯ ಬರಲಿಲ್ಲ. ಆ ವರ್ಷವೇ ಅವನು ವಾಡೆಯನ್ನು ಬಿಟ್ಟು, ದನ, ಆಳು, ಸಾಮಾನು ಎಲ್ಲದರ ಜೊತೆಗೆ ಸೋದರಮಾವನ ಊರಿಗೆ ಹೊರಟುಹೋದ. ಗಾಳೆವ್ವನೂ ಆ ಗಾಡಿಗಳಲ್ಲಿ ಒಂದರಲ್ಲಿದ್ದಳು. ಹುಲುಗ ಬುಟ್ಟಿ ಹಿಡಿದು ನೀರಿಗೆ ಮುಳುಗಿ ಮುಳುಗಿ ಹೂಳೆತ್ತುತ್ತಿದ್ದ, ಎತ್ತಿದ ಜಾಗಕ್ಕೆ ಮತ್ತೆ ಕೆಸರು ಜಾರಿ ಬರುತ್ತಿತ್ತು, ಸಾಯುವವರೆಗೂ ಅದನ್ನೇ ಮಾಡಿದ ಎನ್ನುತ್ತಾರೆ. ಗಾಳೆವ್ವ ಮುಂದೆ ಏನಾದಳೆಂದು ಯಾರಿಗೂ ಗೊತ್ತಿಲ್ಲ.

ಮೂರು ವರ್ಷದ ಹಿಂದೆ ಪುರಾತತ್ವದವರು ಬಂದು ಇಲ್ಲಿ ಉತ್ಖನನ ಮಾಡಿದರು. ಕೊಳವೆಬಾವಿಗಳ ದೆಸೆಯಿಂದ ಕಂದಕ ಒಣಗಿ ಎಷ್ಟೋ ಕಾಲವಾಗಿತ್ತು. ಕಂಬದ ಒಂದು ಬದಿಯ ಕಲ್ಲು ಬಿಚ್ಚಿ ನೋಡಿದರೆ ಒಳಗೆ ಯಾರೂ ಮುಟ್ಟದ ನೆಲ. ಮೇಲ್ಗಡೆ, ಚಪ್ಪಡಿಯ ಕೆಳಗೆ, ಹಳೆಯ ಹುಲ್ಲಿನ ಬೇರು ಕೊಳೆತ ಕಪ್ಪು ಗೆರೆ. ಕಂಬದ ಬುಡದಲ್ಲಿ ಹೂಳನ್ನು ಪದರಪದರವಾಗಿ ತೆಗೆಯುತ್ತ ಹೋದರು. ಕೆಲಸಕ್ಕಿದ್ದವರಲ್ಲಿ ಹುಲುಗನ ತಮ್ಮನ ಪೀಳಿಗೆಯೆಂದು ಹೇಳಿಕೊಳ್ಳುವ ತಿಮ್ಮವ್ವನೂ ಇದ್ದಳು, ಅರವತ್ತು ದಾಟಿದವಳು. ಗಟ್ಟಿ ತಳ ಸಿಕ್ಕ ದಿನ ಮೇಲ್ವಿಚಾರಕಿ ಆ ಕಪ್ಪು ಗೆರೆಯಿಂದ ತಳದವರೆಗೆ ಪಟ್ಟಿ ಹಿಡಿದು ಅಳೆದರು: ನಾಲ್ಕು ಮೀಟರು ಹನ್ನೊಂದು ಸೆಂಟಿಮೀಟರು. ನಾನು ಅಲ್ಲೇ ಇದ್ದೆ, ಮೊಳಕ್ಕೆ ಒಂದೂವರೆ ಅಡಿಯಂತೆ ಬೆರಳು ಮಡಚಿ ಲೆಕ್ಕ ಹಾಕಿ ಹೇಳಿದೆ. ಸರಿಯಾಗಿ ಒಂಬತ್ತು ಮೊಳ.

ತಿಮ್ಮವ್ವ ಬುಟ್ಟಿ ಕೆಳಗಿಟ್ಟಳು. "ಹಂಗಾರ ನಮ್ಮ ಹುಡುಗೀನ್ನ ಬಿಡಬೇಕಲ್ರೀ ಮೇಡಮ್ಮಾರ?" ಎಂದಳು. ಮೇಲ್ವಿಚಾರಕಿ ಅಳತೆಯನ್ನು ಪುಸ್ತಕದಲ್ಲಿ ಬರೆದುಕೊಂಡರು.

ಅಗೆದದ್ದನ್ನು ತೆರೆದಿಟ್ಟರೆ ಮಳೆಗೆ ಕುಸಿಯುತ್ತದೆ, ಮುಚ್ಚಿ ಹೋಗುವುದು ಇಲಾಖೆಯ ನಿಯಮ. ಪಟ ತೆಗೆದು, ನಕ್ಷೆ ಬರೆದು, ಬಿಚ್ಚಿದ ಕಲ್ಲನ್ನು ಮೊದಲಿನಂತೆ ಕಟ್ಟಿ, ತಳಕ್ಕೆ ಪ್ಲಾಸ್ಟಿಕ್ ಹಾಸಿ ಅದೇ ಹೂಳನ್ನು ಮತ್ತೆ ತುಂಬಿದರು. ಆ ಕೆಲಸಕ್ಕೂ ತಿಮ್ಮವ್ವನೇ ಬುಟ್ಟಿ ಹೊತ್ತಳು. ಈಗ ಬಂದು ನೋಡುವವರಿಗೆ ಹುಲ್ಲು ಬೆಳೆದ ತಗ್ಗು ಕಾಣುತ್ತದೆ, ನಡುವೆ ಕಲ್ಲಿನ ಕಂಬ ಕಾಣುತ್ತದೆ. ಗಳೆ ತಂದು ಅಳೆದರೆ ಮೂರೇ ಮೊಳ ಬರುತ್ತದೆ.