ಕರಿಬಸಪ್ಪನ ಭೂತಾನ್ ತರಬೇತಿ

ಹತ್ತಿರ ಬಂದು ಕೂತ್ಕೊಳ್ಳಿ, ಹೇಳ್ತೀನಿ. ಹಾಲಮ್ಮ ಅಂತ ಒಬ್ಬಳು ತಾಯಿ, ಅವಳಿಗೆ ಕರಿಬಸಪ್ಪ ಅಂತ ಒಬ್ಬನೇ ಮಗ. ಒಳ್ಳೆಯವನು ಅಂದ್ರೆ ಒಳ್ಳೆಯವನೇ. ಆದ್ರೆ ಹೇಳಿದ್ದಷ್ಟೇ ಮಾಡೋನು, ಹೇಳಿದ ಹಾಗೇ ಮಾಡೋನು. "ಹಾಲು ಉಕ್ಕೋದನ್ನ ನೋಡ್ಕೋ" ಅಂದ್ರೆ, ಉಕ್ಕಿ ಹರಿದು ಒಲೆ ಆರೋ ತನಕ ನೋಡ್ತಾ ನಿಂತಿರೋನು.

ಅಪ್ಪ ಸರ್ಕಾರಿ ಕೆಲಸದಲ್ಲಿದ್ದಾಗಲೇ ತೀರಿಕೊಂಡ. ಅವನ ಜಾಗದಲ್ಲಿ ಮಗನಿಗೆ ತಾಲ್ಲೂಕು ಕಚೇರಿಯ ಗುಮಾಸ್ತಗಿರಿ ಸಿಕ್ತು. ಕೆಲಸ ಕಾಯಂ ಆಗಬೇಕಾದ್ರೆ ಒಂದು ತರಬೇತಿ ಪಾಸಾಗಬೇಕು. ಆ ಸಲದ ತರಬೇತಿ ಬೇರೆ ಥರ. ನಮ್ಮ ನೌಕರರು, ಭೂತಾನ್ ದೇಶದ ನೌಕರರು, ಇಬ್ಬರೂ ಆನ್‌ಲೈನ್‌ನಲ್ಲಿ ಒಟ್ಟಿಗೆ ಕಲಿಯೋದು. ಅವರ ಮಾತನ್ನ ಕನ್ನಡದಲ್ಲಿ ಹೇಳೋದಕ್ಕೆ ಶಿರಸ್ತೇದಾರ್ ವಾಗ್ದೇವಿ ಮೇಡಂ ಪಕ್ಕದಲ್ಲೇ ಕೂತಿರೋರು.

ಹಾಲಮ್ಮ ಮಗನನ್ನ ಪಕ್ಕದಲ್ಲಿ ಕೂರಿಸ್ಕೊಂಡಳು. "ಮಗಾ, ಹೊರದೇಶದೋರು. ದೊಡ್ಡೋರ ಮುಂದೆ ಬಾಯಿ ಮುಚ್ಕೊಂಡಿರು" ಅಂದಳು.

ಸರಿ ಅಂದ. ಮೊದಲ ದಿನ ಹಾಜರಿ ಕರೆದ್ರು. ಕರಿಬಸಪ್ಪ ಎರಡೂ ಕೈಯಿಂದ ಬಾಯಿ ಮುಚ್ಕೊಂಡು ಕೂತ. ಮೂರು ಸಲ ಕರೆದ್ರು, ಉಸಿರಿಲ್ಲ. ಪರದೆ ಮೇಲೆ ಪಾಠ ಹೇಳೋ ಭೂತಾನಿನ ಉಗೆನ್ ಸಾಹೇಬರು "ಪಾಪ, ಅವರಿಗೆ ಹಲ್ಲುನೋವಿರಬೇಕು, ಬಿಡಿ" ಅಂದು ಗೈರುಹಾಜರಿ ಹಾಕಿದ್ರು.

"ಏನ್ರೀ ಕರಿಬಸಪ್ಪ," ಅಂದ್ರು ಮೇಡಂ, "ಹೀಗೆ ಮಾಡಿದ್ರೆ ಪಾಸಾಗ್ತೀರಾ? ಕೈ ಎತ್ತಬೇಕು. ಅವರು ಮಾತಾಡಿ ಅನ್ನೋ ತನಕ ಇಳಿಸಬಾರದು."

ಸರಿ ಅಂದ. ಮಧ್ಯಾಹ್ನ ಕಿಟಕಿ ಹತ್ರ ಒಬ್ಬಳು ಅಜ್ಜಿ ಬಂದಳು, ವೃದ್ಧಾಪ್ಯ ವೇತನದ ಅರ್ಜಿ ಕೇಳೋದಕ್ಕೆ. ಕರಿಬಸಪ್ಪ ಕೈ ಎತ್ತಿದ. ಎತ್ತಿದ ಕೈ ಇಳಿಸಲಿಲ್ಲ, ಮಾತೂ ಆಡಲಿಲ್ಲ. ಅಜ್ಜಿ ನೋಡಿದಳು, ನೋಡಿದಳು, ಆಮೇಲೆ ತಲೆ ಬಗ್ಗಿಸಿ ಕೈಮುಗಿದು ಹೊರಟೇಹೋದಳು. ಮರುದಿನ ಕಿಟಕಿ ಮುಂದೆ ಹದಿನಾಲ್ಕು ಜನ. ಯಾರ ಕೈಲೂ ಅರ್ಜಿ ಇಲ್ಲ, ಎಲ್ಲರ ಕೈಲೂ ಬಾಳೆಹಣ್ಣು.

ಮೇಡಂ ತಲೆ ಹಿಡ್ಕೊಂಡ್ರು. "ಜನ ಬಂದ್ರೆ ಏನಾಗಬೇಕಿತ್ತು ಅಂತ ಕೇಳ್ರೀ. ಕೈ ಎತ್ತೋದು ಪಾಠದಲ್ಲಿ ಮಾತ್ರ. ಇನ್ನೊಂದು ಮಾತು, ಈ ಕೆಳಗಡೆ ಸಿಗ್ನಲ್ ಸರಿಯಿಲ್ಲ. ಉಗೆನ್ ಸಾಹೇಬರು ಹೇಳಿದ್ದು ತಿಳೀದಿದ್ರೆ ಸೀದಾ ಮಹಡಿ ಮೇಲೆ ಹೋಗಿಬಿಡಿ. ಅಲ್ಲಿ ಚೆನ್ನಾಗಿ ಕೇಳುತ್ತೆ."

ಸರಿ ಅಂದ. ಆ ವಾರವೇ ಉಗೆನ್ ಸಾಹೇಬರು ಖುದ್ದಾಗಿ ಬಂದ್ರು, ನಮ್ಮ ಕಚೇರಿ ನೋಡೋದಕ್ಕೆ. ಮೊಣಕಾಲವರೆಗಿನ ನಿಲುವಂಗಿ, ನಗುಮುಖ. ಕರಿಬಸಪ್ಪನ ಕೈ ಹಿಡ್ಕೊಂಡು ಅವರ ಭಾಷೇಲಿ ಏನೋ ಕೇಳಿದ್ರು. ಇವನಿಗೆ ಒಂದಕ್ಷರ ತಿಳೀಲಿಲ್ಲ. ಸೀದಾ ಮಹಡಿಗೆ ನಡೆದ. ಏನೋ ತೋರಿಸ್ತಾನೆ ಅಂತ ಸಾಹೇಬರೂ ಹಿಂದೆ ಹತ್ತಿದ್ರು.

ಅಲ್ಲೂ ತಿಳೀಲಿಲ್ಲ. ಇನ್ನೂ ಎತ್ತರ ಬೇಕೇನೋ ಅಂತ ಕರಿಬಸಪ್ಪ ನೀರಿನ ಟ್ಯಾಂಕ್ ಮೇಲೆ ಹತ್ತಿ ಕೂತ. ಸಾಹೇಬರು ಬೆಟ್ಟದ ನಾಡಿನವರು, ಅವರಿಗೇನು, ಅವರೂ ಹತ್ತಿ ಕೂತ್ರು. ಮೇಡಂ ಏದುಸಿರು ಬಿಡ್ತಾ ಮೇಲೆ ಬಂದು ನೋಡ್ತಾರೆ, ಇಬ್ಬರೂ ಕಾಲು ಇಳಿಬಿಟ್ಟು ಬಾಳೆಹಣ್ಣು ಸುಲಿದು ತಿಂತಿದ್ದಾರೆ.

"ನಿಮ್ಮೂರಿಗೆ ಬಂದ ಮೇಲೆ ಇವತ್ತೇ ನನಗೆ ಗಾಳಿ ಸಿಕ್ಕಿದ್ದು" ಅಂದ್ರು ಸಾಹೇಬರು. ಬೈಬೇಕು ಅಂತ ಬಂದ ಮೇಡಂ ಬೈಯೋದು ಬಿಟ್ಟು, "ರೀ, ಪರೀಕ್ಷೇಲಾದ್ರೂ ಪುಸ್ತಕದಲ್ಲಿ ಇರೋ ಹಾಗೇ ಬರೀರಿ, ನಿಮ್ಮ ಬುದ್ಧಿ ಸೇರಿಸಬೇಡಿ" ಅಂದ್ರು.

ಸರಿ ಅಂದ. ಪರೀಕ್ಷೇಲಿ ಕೇಳಿದ್ದು ಒಂದೇ, ವೃದ್ಧಾಪ್ಯ ವೇತನದ ಅರ್ಜಿಯನ್ನ ಮೊದಲಿಂದ ಕೊನೆವರೆಗೆ ಹೇಗೆ ವಿಲೇವಾರಿ ಮಾಡ್ತೀರಿ ಅಂತ. ಬುದ್ಧಿವಂತರೆಲ್ಲ ತಮಗೆ ತೋಚಿದ ಅಡ್ಡದಾರಿ ಬರೆದ್ರು. ಕರಿಬಸಪ್ಪ ಒಂದು ಹೆಜ್ಜೆ ಬಿಡಲಿಲ್ಲ, ಒಂದು ಹೆಜ್ಜೆ ಸೇರಿಸಲಿಲ್ಲ. ಎರಡೂ ದೇಶ ಸೇರಿಸಿ ಅವನೇ ಮೊದಲನೆಯವನು.

ಸಭಾಂಗಣದಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದ್ರು. ಗೋಡೆಗೆ ತೂಗುಹಾಕಿದ್ದ ದೊಡ್ಡ ಬಿಳಿ ಪರದೆ ಮೇಲೆ ಅವನ ಹೆಸರಿನ ಪ್ರಮಾಣಪತ್ರ ಮೂಡಿತು. ಮೇಡಂ ಕಣ್ಣಲ್ಲಿ ನೀರು. "ಅಗೋ ನೋಡಿ, ಅದು ನಿಮ್ಮದೇ. ಇಳಿಸಿಕೊಂಡು ಹೋಗಿ ನಿಮ್ಮ ತಾಯಿಗೆ ತೋರಿಸಿ" ಅಂದು ಊಟಕ್ಕೆ ಹೊರಟ್ರು.

ಸರಿ ಅಂದ.

ಸಾಯಂಕಾಲ ಹಾಲಮ್ಮ ಬಾಗಿಲಲ್ಲೇ ಕಾಯ್ತಿದ್ದಳು. ಮಗ ಹೆಗಲ ಮೇಲೆ ಎಂಟಡಿ ಉದ್ದದ ಸುರುಳಿ ಹೊತ್ತು ಬೀದೀಲಿ ಬಂದ. "ಅಮ್ಮಾ, ಪಾಸಾದೆ. ಕೆಲಸ ಕಾಯಂ" ಅಂದ. ಅವಳು ಮಗನ ಕೆನ್ನೆ ಸವರಿ ದೃಷ್ಟಿ ತೆಗೆದಳು. ಇಬ್ಬರೂ ಸೇರಿ ಸುರುಳಿ ಬಿಚ್ಚಿದ್ರು. ಪಡಸಾಲೆ ತುಂಬ ಹರಡಿತು, ಬೆಳ್ಳಗೆ.

"ಏನೂ ಬರೆದಿಲ್ಲವಲ್ಲೋ" ಅಂದಳು ಹಾಲಮ್ಮ.

ಕರಿಬಸಪ್ಪ ಆ ಕಡೆ ನೋಡಿದ, ಈ ಕಡೆ ನೋಡಿದ, ಮಗುಚಿ ಹಾಕಿ ನೋಡಿದ.

"ಕಚೇರೀಲಿ ತುಂಬ ಇತ್ತಮ್ಮ" ಅಂದ. "ದಾರೀಲಿ ಉದುರಿತೋ ಏನೋ. ನೀನು ಇಲ್ಲೇ ಇರು, ಕತ್ತಲಾಗೋದ್ರೊಳಗೆ ಆರಿಸ್ಕೊಂಡು ಬರ್ತೀನಿ." ಮೊರ ಎತ್ಕೊಂಡು ಬೀದಿಗಿಳಿದ.