ಬೆವರದವರ ಪರೀಕ್ಷೆ

ಸುಗುಣಾ ಟೀಚರ್ ಜಿಮ್ಮಿನ ಹೊಸ ಟ್ರೆಡ್‌ಮಿಲ್ಲಿನ ಹಿಡಿಕೆಗೆ ಟವೆಲ್ ಹಾಕಿ, ಶೂ ಲೇಸು ಕಟ್ಟಿಕೊಳ್ಳುತ್ತಿದ್ದರು.

“ಸ್ವಲ್ಪ ಸರಿ ಅಕ್ಕಾ, ನನ್ನ ಪರದೆ ಮುಚ್ಚಬೇಡ. ಕಂಪನಿಯವರು ನೂರು ಜನರನ್ನು ಓಡಿಸಿ ಇದನ್ನು ಪರೀಕ್ಷಿಸಿ ಕಳಿಸಿದ್ದಾರೆ” ಎಂದು ಟ್ರೆಡ್‌ಮಿಲ್ ಟವೆಲ್ಲಿಗೆ ಹೇಳಿತು.

“ಎಷ್ಟು ಹೊತ್ತು ಓಡಿದರು?” ಎಂದು ಟವೆಲ್ ಕೇಳಿತು.

“ಎಸಿ ಕೋಣೆಯಲ್ಲಿ, ಒಬ್ಬೊಬ್ಬರು ಎರಡು ನಿಮಿಷ.”

“ಹಾಗಾದರೆ ಯಾರೂ ಬೆವರಲಿಲ್ಲ ಅನ್ನು.”

“ಬೆವರಿನ ವಿಷಯ ನಿನ್ನ ಇಲಾಖೆ” ಎಂದು ಟ್ರೆಡ್‌ಮಿಲ್ ನಕ್ಕಿತು.

ಟೀಚರ್ ಹತ್ತಿ ಓಡಿದರು. ಇಪ್ಪತ್ತು ನಿಮಿಷಕ್ಕೆ ಸುಸ್ತಾಗಿ, ಪರದೆಯ ಮೇಲಿನ ‘ನಿಲ್ಲಿಸು’ ಒತ್ತಿದರು. ಬೆರಳು ಒದ್ದೆಯಾಗಿತ್ತು, ಪರದೆಗೆ ಗೊತ್ತೇ ಆಗಲಿಲ್ಲ. ಮತ್ತೆ ಒತ್ತಿದರು. ಕಾಲ ಕೆಳಗಿನ ಪಟ್ಟಿ ಓಡುತ್ತಲೇ ಇತ್ತು, ಅವರ ಕಾಲು ತಡವರಿಸಿತು.

“ನಿಲ್ಲೋ, ಬಿದ್ದುಬಿಡ್ತಾರೆ” ಎಂದಿತು ಟವೆಲ್.

“ನಿಲ್ಲಬೇಕು ಅಂತ ನನಗೂ ಇದೆ ಅಕ್ಕಾ. ಅವರು ಒತ್ತಿದ್ದು ನನಗೆ ತಲುಪುತ್ತಲೇ ಇಲ್ಲ.”

ಟೀಚರ್ ಗಾಬರಿಯಲ್ಲಿ ಟವೆಲ್ಲನ್ನೇ ಹಿಡಿದುಕೊಂಡರು. ಬೆರಳು ಒಣಗಿತು. ಇನ್ನೊಮ್ಮೆ ಒತ್ತಿದಾಗ ಪಟ್ಟಿ ನಿಂತಿತು.

“ಅಕ್ಕಾ, ನೀನು ಇಲ್ಲೇ ಇರ್ತೀಯಲ್ಲ?” ಎಂದು ಟ್ರೆಡ್‌ಮಿಲ್ ಸಣ್ಣ ದನಿಯಲ್ಲಿ ಕೇಳಿತು.

“ನಾನು ಟೀಚರ್ ಜೊತೆ ಮನೆಗೆ ಹೋಗಬೇಕು ಕಣೋ.”

ಟೀಚರ್ ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ಇಳಿದರು. ಸರದಿಗೆ ಕಾಯುತ್ತಿದ್ದ ಹೆಂಗಸು ಬರಿಗೈಯಲ್ಲಿ ಹತ್ತಿ, ವೇಗ ಹೆಚ್ಚಿಸಿದಳು.